ಕೊಡಗಿನ ಒಂದು ಶಾಲೆಯಲ್ಲಿ ಆರು ದಿನ

ವಿರಾಜಪೇಟೆಗೆ ಸಮೀಪದ ಅರಮೇರಿ ಕಳಂಚೇರಿ ಮಠದ ದರ್ಶನಕ್ಕೆಂದು ನಾವು ಹೊರಟದ್ದು 2019ರ ಸೆಪ್ಟೆಂಬರ್ ತಿಂಗಳಿನಲ್ಲಿ. ಕೊಡಗನ್ನು ಆಳಿದ ಹಾಲೇರಿ ಅರಸರು ವೀರಶೈವರಾಗಿದ್ದರೆಂಬುದನ್ನೂ, 1834ರಲ್ಲಿ ಬ್ರಿಟಿಷರು ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸುವವರೆಗೆ ಆ ಮನೆತನದ ರಾಜ್ಯಭಾರವು ಕನ್ನಡದಲ್ಲಿಯೇ ನಡೆಯಿತೆಂಬುದನ್ನೂ ನಮ್ಮ ಓದುಗರು ಬಲ್ಲರು. ಮಠದ ದರ್ಶನವಾದ ಮೇಲೆ ಮಡಿಕೇರಿಯ ಕೋಟೆಯನ್ನೂ ರಾಜರ ಗದ್ದುಗೆಗಳನ್ನೂ ನೋಡಿಬರುವುದು ನಮ್ಮ ಉದ್ದೇಶವಾಗಿತ್ತು. ಆದರೆ ಇಳಿದುಕೊಂಡಿದ್ದ ಬಂಧುಗಳ ಮನೆಯಲ್ಲಿ ನೆರೆಯ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯ ಶಿಕ್ಷಕಿಯೊಬ್ಬರ ಪರಿಚಯವಾಯಿತು. ಕೋಟೆ, ಗದ್ದುಗೆಗಳು ಹಿಂದೆ ಉಳಿದವು. ಅವರ ಅನುಮತಿ ಪಡೆದು ಒಂದು ವಾರ ನಾವು ಕುಳಿತದ್ದು ಒಂದನೆಯ ತರಗತಿಯ ಮಕ್ಕಳ ನಡುವೆ.

ಶಾಲೆಗೆ ಹೋಗುವ ದಾರಿ ಕಾಫಿ ತೋಟದ ಒಳಗಿನದು. ಆ ಆಗಸ್ಟಿನ ಮಳೆಗೆ ಇದೇ ತಾಲ್ಲೂಕಿನ ತೋರ ಗ್ರಾಮದಲ್ಲಿ ಗುಡ್ಡ ಕುಸಿದು ಜೀವಹಾನಿಯಾಗಿತ್ತು. ಜಿಲ್ಲೆಯ ಶಾಲೆಗಳಿಗೆ ಹಲವು ದಿನ ರಜೆ ಕೊಡಬೇಕಾಗಿತ್ತು. ನಾವು ಹೋದಾಗ ಮಳೆ ಬಿಡುವು ಕೊಟ್ಟಿತ್ತಾದರೂ ಸಿಲ್ವರ್ ಮರಗಳಿಂದ ನೀರು ತೊಟ್ಟಿಕ್ಕುವುದು ನಿಂತಿರಲಿಲ್ಲ. ಮಕ್ಕಳು ಒದ್ದೆ ಕೊಡೆಗಳನ್ನು ಜಗುಲಿಯಲ್ಲಿ ಬಿಡಿಸಿಟ್ಟು, ಕ್ಷೀರಭಾಗ್ಯದ ಬಿಸಿ ಹಾಲನ್ನು ಕುಡಿದು ಒಳಗೆ ಬರುತ್ತಿದ್ದರು.

ಒಳಗೆ ಬೆಂಚುಗಳಿರಲಿಲ್ಲ. ಒಂದು, ಎರಡು, ಮೂರನೆಯ ತರಗತಿಗಳ ಮಕ್ಕಳೆಲ್ಲ ಒಂದೇ ಕೊಠಡಿಯಲ್ಲಿ ಗುಂಪುಗುಂಪಾಗಿ ನೆಲದ ಮೇಲೆ ಕುಳಿತಿದ್ದರು. ತಲೆಯ ಮೇಲೆ ದಾರದಲ್ಲಿ ಚಿತ್ರಗಳನ್ನು ತೂಗುಬಿಟ್ಟ ಕಲಿಕಾ ಚಪ್ಪರ. ಗೋಡೆಯ ಕೆಳಭಾಗದಲ್ಲಿ, ಮಕ್ಕಳ ಕೈಗೆ ಎಟುಕುವಷ್ಟೇ ಎತ್ತರಕ್ಕೆ ಸುತ್ತಲೂ ಕಪ್ಪುಹಲಗೆ. ಇದು ‘ನಲಿ-ಕಲಿ’ ಪದ್ಧತಿ. ಇದರ ತವರು ಕೊಡಗಿಗೆ ನೆರೆಯ ಹೆಗ್ಗಡದೇವನಕೋಟೆ. ಆಂಧ್ರದ ಋಷಿವ್ಯಾಲಿಯ ಗ್ರಾಮೀಣ ಶಾಲೆಗಳನ್ನು ಕಂಡು ಬಂದ ಸರ್ಕಾರಿ ಶಿಕ್ಷಕರು 1995ರಲ್ಲಿ ಯುನಿಸೆಫ್ ನೆರವಿನಿಂದ ಅಲ್ಲಿ ಆರಂಭಿಸಿದ ಪ್ರಯೋಗವು 2009-10ರಲ್ಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ವಿಸ್ತರಿಸಿತು.

ನಮ್ಮ ಹಿರಿಯರು ಕೂಲಿಮಠದಲ್ಲಿ ಐಗಳ ಮುಂದೆ ಕುಳಿತು, ಮರಳಿನ ಮೇಲೆ ಬೆರಳಾಡಿಸಿ, ಓಂ ನಮಃ ಶಿವಾಯದಿಂದ ಅಕ್ಷರಾಭ್ಯಾಸ ಮಾಡಿದವರು. ನಾವು ಅ, ಆ, ಇ, ಈ ಎಂದು ಒಕ್ಕೊರಲಿನಿಂದ ಕೂಗಿ ಕಲಿತವರು. ಇಲ್ಲಿಯ ಕ್ರಮವೇ ಬೇರೆ. ಮೊದಲು ಕಲಿಸುವುದು ರ, ಗ, ಸ, ದ, ಅ ಎಂಬ ಐದು ಅಕ್ಷರಗಳನ್ನು. ಐದು ಕೈಗೆ ಬಂದೊಡನೆ ಮಗು ಸರ, ದರ, ಅರಸ, ಗರಗಸ ಎಂದು ಓದತೊಡಗುತ್ತದೆ. ವರ್ಣಮಾಲೆ ಮುಗಿಯುವ ತನಕ ಕಾಯಬೇಕಾಗಿಲ್ಲ. ಮೊದಮೊದಲು ನಮಗೆ ಇದು ರುಚಿಸಲಿಲ್ಲ. ವರ್ಣಮಾಲೆಗೆ ಅದರದೇ ಆದ ಶಾಸ್ತ್ರವಿದೆ, ಅದನ್ನು ಕಲಕುವುದೇಕೆ ಎನ್ನಿಸಿತು. ಸೋಮವಾರ ಎರಡನೆಯ ಗುಂಪಿನ ಜ, ವ, ಮ, ಬ, ನ ಆರಂಭವಾಗಿ, ಮಧ್ಯಾಹ್ನದ ಹೊತ್ತಿಗೆ ಹುಡುಗನೊಬ್ಬನು ಯಾರೂ ಹೇಳಿಕೊಡದೆ ‘ಮರ’ ಎಂದು ಬರೆದು ಕಿಟಕಿಯ ಹೊರಗೆ ಕೈ ತೋರಿದಾಗ ನಮ್ಮ ಆಕ್ಷೇಪ ಅರ್ಧ ಕರಗಿತು.

ಮಂಗಳವಾರ ನಮ್ಮಿಂದ ಒಂದು ತಪ್ಪಾಯಿತು. ನಕಾರಕ್ಕಾಗಿ ಶಿಕ್ಷಕಿಯು ನರಿಯ ಚಿತ್ರವನ್ನು ತೋರಿದರು. ಕೊಡವ ಮನೆತನದ ಬಾಲಕನೊಬ್ಬನು ಎದ್ದು, “ಇದು ನರಿ ಅಲ್ಲ ಮಿಸ್, ನರಿಗೆ ಮೈಮೇಲೆ ಪಟ್ಟೆ ಇರುತ್ತದೆ” ಎಂದನು. ನಾವು ನಕ್ಕು, “ಅದು ಹುಲಿಯಪ್ಪಾ” ಎಂದು ತಿದ್ದಿದೆವು. ಹುಡುಗ ಮುಖ ಸಣ್ಣದು ಮಾಡಿಕೊಂಡು ಕುಳಿತನು. ಕೊಡವ ತಕ್ಕಿನಲ್ಲಿ ನರಿ ಎಂದರೆ ಹುಲಿಯೇ. ಹುಲಿಯನ್ನು ಕೊಂದ ವೀರನಿಗೆ ಹಿಂದೆ ಮಾಡುತ್ತಿದ್ದ ಮರ್ಯಾದೆಯ ಹೆಸರೇ ‘ನರಿ ಮಂಗಲ’. ಶಿಕ್ಷಕಿಯು ನಮ್ಮ ಮಾತನ್ನು ಕೇಳಿಸಿಕೊಳ್ಳದವರಂತೆ, ಅವನ ಅಜ್ಜ ಹೇಳಿದ ನರಿಯ ಕಥೆಯನ್ನು ತರಗತಿಗೆಲ್ಲ ಹೇಳಿಸಿದರು. ಅನಂತರ ಹಲಗೆಯ ಮೇಲೆ ಪಟ್ಟೆಯುಳ್ಳ ಒಂದು ನರಿ, ಪೊದೆ ಬಾಲದ ಒಂದು ನರಿ, ಎರಡನ್ನೂ ಬರೆದು, “ಇದು ನಿಮ್ಮ ಮನೆಯ ನರಿ, ಇದು ಪುಸ್ತಕದ ನರಿ” ಎಂದರು. ಕನ್ನಡದ ಹಾಲು ಕೊಡವ ಮನೆಯಲ್ಲಿ ಪಾಲ್, ಹೂವು ಪೂ. ಆ ಪುಟ್ಟ ಕೊಠಡಿಯಲ್ಲಿ ಕೊಡವ ತಕ್ಕ್, ಮಲಯಾಳ, ತುಳು, ಎರವ ನುಡಿಗಳಿದ್ದವು. ಮನೆಯಲ್ಲಿ ಕನ್ನಡವಾಡುವ ಮಕ್ಕಳೇ ಕಡಿಮೆ.

ಎರವ ನುಡಿಯ ಹುಡುಗಿಯು ತೋಟದ ಲೈನುಮನೆಯವಳು. ಸೋಮವಾರ, ಮಂಗಳವಾರಗಳೆರಡೂ ಅವಳ ಬಾಯಿಂದ ಒಂದು ಮಾತನ್ನೂ ನಾವು ಕೇಳಲಿಲ್ಲ. ‘ತಟ್ಟೆ’ ಎಂದು ಕರೆಯುವ ಗುಂಪುಗಳಲ್ಲಿ ಅವಳ ಸ್ಥಾನ ಮೊದಲನೆಯದರಲ್ಲಿ, ಎಂದರೆ ಶಿಕ್ಷಕಿಯ ಪೂರ್ಣ ಸಹಾಯ ಬೇಕಾದವರಲ್ಲಿ. ಐದನೆಯ ತಟ್ಟೆಯವರು ತಾವಾಗಿಯೇ ಕಲಿಯುವವರು. ನಡುವಿನವರು ಶಿಕ್ಷಕಿಯಿಂದಲೋ ಜೊತೆಗಾರರಿಂದಲೋ ಅಷ್ಟಿಷ್ಟು ನೆರವು ಪಡೆಯುವವರು. ಬುಧವಾರ ಬಾ ಎಂದು ಕರೆದಾಗ ಅವಳು ಬಂದು ಹುಣಿಸೆ ಬೀಜಗಳಿಂದ ನೆಲದ ಮೇಲೆ ‘ಬ’ ಜೋಡಿಸಿದಳು. ಗುರುವಾರ ಬರಲಿಲ್ಲ. ತೋಟದಲ್ಲಿ ಕಳೆ ತೆಗೆಯುವ ಕೆಲಸ. ತಾಯಿತಂದೆಯರಿಬ್ಬರೂ ಹೋದರೆ ಎಳೆಯ ಮಗುವನ್ನು ನೋಡಿಕೊಳ್ಳುವವರು ಯಾರು? ಬೇರೆ ತೋಟಕ್ಕೆ ಕುಟುಂಬವೇ ಹೊರಟುಹೋಗುವುದೂ ಉಂಟೆಂದು ಶಿಕ್ಷಕಿ ಹೇಳಿದರು. ಆ ದಿನ ಮಧ್ಯಾಹ್ನ ಅಕ್ಷರದಾಸೋಹದ ಅನ್ನ ಸಾರನ್ನು ಉಣ್ಣುವಾಗ ನಮಗೆ ಆ ಖಾಲಿ ಸ್ಥಳವೇ ಕಾಣುತ್ತಿತ್ತು. 2002ರಲ್ಲಿ ಆರಂಭವಾದ ಈ ಬಿಸಿಯೂಟಕ್ಕೆ ಶರಣರ ಮಾತಾದ ದಾಸೋಹವೆಂಬ ಹೆಸರನ್ನು ಇಟ್ಟವರು ಬಲ್ಲವರೇ ಇರಬೇಕು.

ಶುಕ್ರವಾರ ಅವಳು ತಮ್ಮನನ್ನು ಸೊಂಟದ ಮೇಲೆ ಹೊತ್ತು ಬಂದಳು. ಶಿಕ್ಷಕಿ ಏನನ್ನೂ ಕೇಳಲಿಲ್ಲ. ಮಗುವಿನ ಕೈಗೆ ಒಂದು ಸೀಮೆಸುಣ್ಣ ಕೊಟ್ಟು ಗೋಡೆಯ ಹಲಗೆಯ ಬಳಿ ಕೂಡಿಸಿದರು. ನಾವು ಓದಿದ ಕಾಲದಲ್ಲಾದರೆ ಒಂದು ದಿನ ತಪ್ಪಿಸಿದವನು ಪಾಠವನ್ನೂ ತಪ್ಪಿಸಿಕೊಂಡಂತೆಯೇ. ಮರುದಿನ ಬೆಂಚಿನ ಮೇಲೆ ನಿಲ್ಲಬೇಕು. ಇಲ್ಲಿ ಆ ಹುಡುಗಿ ಗೋಡೆಯ ಕಲಿಕಾ ಏಣಿಯಲ್ಲಿ ತಾನು ಬುಧವಾರ ನಿಂತಿದ್ದ ಮೆಟ್ಟಿಲನ್ನು ತಾನೇ ಹುಡುಕಿ, ಅಲ್ಲಿಯ ಚಿಹ್ನೆಗೆ ಹೊಂದುವ ಕಾರ್ಡನ್ನು ತೆಗೆದುಕೊಂಡು ಕುಳಿತಳು. ಕೂಲಿಯವರ, ಕಾಡಂಚಿನವರ ಮಕ್ಕಳು ಬಿಟ್ಟು ಬಿಟ್ಟು ಬರುವ ಶಾಲೆಗೆ ಈ ಏಣಿ ಎಷ್ಟು ಅಗತ್ಯವೆಂಬುದು ಆಗ ನಮಗೆ ತಿಳಿಯಿತು. ವರ್ಣಮಾಲೆಯ ಕ್ರಮದ ಬಗ್ಗೆ ನಮ್ಮಲ್ಲಿ ಉಳಿದಿದ್ದ ಅರ್ಧ ಆಕ್ಷೇಪವೂ ಅಲ್ಲಿಗೆ ಹೋಯಿತು.

ಶನಿವಾರ ಬೆಳಗಿನ ಶಾಲೆ. ಕಲಿತ ಹತ್ತು ಅಕ್ಷರಗಳಿಂದ ತಮಗೆ ಬೇಕಾದ ಪದವನ್ನು ಬರೆಯಲು ಶಿಕ್ಷಕಿ ಹೇಳಿದರು. ಗಜ, ವನ, ಜನ, ದನ ಒಂದೊಂದಾಗಿ ಮೂಡಿದವು. ಬ, ಸ, ವ ಮೂರೂ ಕಲಿತಾಗಿದೆಯೆಂಬುದನ್ನು ನಾವು ಸೋಮವಾರವೇ ಲೆಕ್ಕ ಹಾಕಿಟ್ಟಿದ್ದೆವು. ಆದರೂ ಮಂಗಳವಾರದ ನಾಚಿಕೆಯಿಂದ ತುಟಿ ಬಿಚ್ಚಲಿಲ್ಲ. ಲೈನುಮನೆಯ ಹುಡುಗಿ ಬಹಳ ಹೊತ್ತು ಗೋಡೆಗೆ ಮುಖ ಮಾಡಿ ನಿಂತಿದ್ದಳು. ಅವಳು ಪಕ್ಕಕ್ಕೆ ಸರಿದಾಗ ಸೊಟ್ಟ ಅಕ್ಷರಗಳಲ್ಲಿ ‘ಬಸವ’ ಎಂದಿತ್ತು. ನಮಗೆ ಕಣ್ಣು ತುಂಬಿತು. ಬಸವ ಯಾರಮ್ಮಾ ಎಂದು ಕೇಳಿಯೇಬಿಟ್ಟೆವು.

“ಕೊಟ್ಟಿಗೇಲಿ ಇದೆಯಲ್ಲ, ಬಿಳೀದು,” ಎಂದಳು. ತೋಟದ ಸಾಹುಕಾರರ ಹೋರಿ. ಆ ವಾರದಲ್ಲಿ ಅವಳಿಂದ ನಾವು ಕೇಳಿದ ಮೊದಲ ಕನ್ನಡದ ಮಾತು ಅದು.

ಶಿಕ್ಷಕಿಯು ಪ್ರಗತಿ ನೋಟದ ಹಾಳೆಯಲ್ಲಿ ಅವಳ ಹೆಸರಿನ ಮುಂದೆ ಗುರುತು ಹಾಕಿದರು. ಗಂಟೆಯಾಯಿತು. ಸೋಮವಾರ ಬರುತ್ತೀಯಲ್ಲವೇ ಎಂದು ಅವರು ಕೇಳಿದಾಗ ಹುಡುಗಿ ತಮ್ಮನನ್ನು ಸೊಂಟಕ್ಕೆ ಏರಿಸಿಕೊಂಡು, ಅವನ ಮುಷ್ಟಿಯಲ್ಲಿದ್ದ ಸೀಮೆಸುಣ್ಣದ ತುಂಡನ್ನು ಬಿಡಿಸಿ ಡಬ್ಬಿಗೆ ಹಾಕಿ, ಕೊಡೆ ತೆಗೆದುಕೊಂಡು ಮಳೆಗೆ ಇಳಿದಳು.