ಮಾಡು ತೆರೆಯುವ ಮೋಟಾರಿನಲ್ಲಿ ಒಂದು ದಿನ

ವಾಚಕರಲ್ಲಿ ಮೋಟಾರು ಕೊಂಡವರು ಅನೇಕರಿರಬಹುದು. ಕೊಳ್ಳಬೇಕೆಂದಿರುವವರು ಅವರಿಗಿಂತಲೂ ಹೆಚ್ಚಾಗಿರಬಹುದು. ನಾವು ಈ ಎರಡು ಪಂಗಡಗಳಿಗೂ ಸೇರಿದವರಲ್ಲ. ಮೂವತ್ತೆರಡು ವರ್ಷ ಪ್ರೌಢಶಾಲೆಯಲ್ಲಿ ಸಂಸ್ಕೃತ ಪಾಠ ಹೇಳಿ, ಶಾಲೆಗೆ ಬಸ್ಸಿನಲ್ಲಿಯೂ, ಬಸ್ಸು ತಪ್ಪಿದ ದಿನ ಕಾಲ್ನಡಿಗೆಯಲ್ಲಿಯೂ ಹೋಗಿಬಂದವರು. ಆದಕಾರಣ, 2024ನೆಯ ಇಸವಿ ಸೆಪ್ಟೆಂಬರ್ ತಿಂಗಳಿನಲ್ಲಿ ಜರ್ಮನಿ ದೇಶದ ಸ್ಟುಟ್‌ಗಾರ್ಟ್ ನಗರದಲ್ಲಿ, ನಮ್ಮ ಚಿರಂಜೀವಿಯು ವಾಸವಾಗಿರುವ ಮನೆಯ ನೆಲಮಾಳಿಗೆಯಲ್ಲಿ, ಹಚ್ಚಡ ಹೊದ್ದು ಮಲಗಿದ್ದ ಒಂದು ವಾಹನವನ್ನು ಕಂಡಾಗ ನಮಗುಂಟಾದ ಭಾವವು ಸಂತೋಷವಲ್ಲವೆಂಬುದನ್ನು ಮೊದಲೇ ಒಪ್ಪಿಕೊಳ್ಳುತ್ತೇವೆ.

ಸ್ಟುಟ್‌ಗಾರ್ಟ್ ನಗರವು ಗುಡ್ಡಗಳ ನಡುವೆ ಬೋಗುಣಿಯಂತಹ ತಗ್ಗಿನಲ್ಲಿದೆ. ದ್ರಾಕ್ಷಿಯ ತೋಟಗಳು ಇಳಿಜಾರಿನಲ್ಲಿ ಊರೊಳಗಿನ ಮನೆಗಳ ಬೆನ್ನಿನವರೆಗೂ ಬಂದಿವೆ. ರಾಬರ್ಟ್ ಬಾಷ್ ಎಂಬಾತನು 1886ರಲ್ಲಿ ತನ್ನ ಸಣ್ಣ ಕಾರ್ಯಾಗಾರವನ್ನು ತೆರೆದದ್ದು ಇಲ್ಲಿಯೇ. ಅದರೊಡನೆ ಸಂಬಂಧವುಳ್ಳ ‘ಮೈಕೋ’ ಬೆಂಗಳೂರಿನಲ್ಲಿ ಬೆಳೆದುದು ನಮ್ಮವರೆಲ್ಲರಿಗೂ ತಿಳಿದ ವಿಷಯ. ಹೀಗಿರುವಲ್ಲಿ ನಮ್ಮ ಹುಡುಗರು ಈ ಊರಿಗೆ ಬಂದು ನೆಲೆಸುವುದರಲ್ಲಿ ಆಶ್ಚರ್ಯವೇನೂ ಇಲ್ಲ. ಬೆಳಗ್ಗೆ ಅಂಗಡಿಗೆ ಹೋದರೆ ಒಂದು ದಿನವಲ್ಲ ಒಂದು ದಿನ ಕನ್ನಡ ಕಿವಿಗೆ ಬೀಳುತ್ತದೆ.

ಹಚ್ಚಡವನ್ನು ಸರಿಸಿದಾಗ ಕಂಡದ್ದು ಮರ್ಸಿಡಿಸ್ ಎಸ್‌ಎಲ್ 55 ಎಎಂಜಿ ಎಂಬ ಜಾತಿಯ, 2004ರಲ್ಲಿ ತಯಾರಾದ, ಬೆಳ್ಳಿಯ ಬಣ್ಣದ ಮೋಟಾರು. ಹೊಸದಾಗಿದ್ದಾಗ ಇದರ ಬೆಲೆ ಒಂದು ಲಕ್ಷ ಯೂರೋಗಳನ್ನೂ ಮೀರಿತ್ತಂತೆ. ನಮ್ಮ ಚಿರಂಜೀವಿಯು 2022ರಲ್ಲಿ ಇಪ್ಪತ್ತನಾಲ್ಕು ಸಾವಿರಕ್ಕೆ ಕೊಂಡಿದ್ದನು. ‘ಎಸ್‌ಎಲ್’ ಎಂಬ ಅಕ್ಷರಗಳಿಗೆ ‘ಅತಿ ಹಗುರ’ ಎಂದರ್ಥ. 1952ರಲ್ಲಿ ಪಂದ್ಯಕ್ಕಾಗಿ ನಿರ್ಮಿಸಿದ ವಾಹನಕ್ಕೆ ಇಟ್ಟ ಹೆಸರು. ಹೆಸರು ವಂಶಪಾರಂಪರ್ಯವಾಗಿ ಉಳಿಯಿತು, ಹಗುರ ಮಾತ್ರ ಉಳಿಯಲಿಲ್ಲ. ಈ ವಾಹನದ ತೂಕ ಸುಮಾರು ಎರಡು ಟನ್ನು. ಇಷ್ಟನ್ನೂ ಐದು ಸೆಕೆಂಡುಗಳೊಳಗಾಗಿ ಗಂಟೆಗೆ ನೂರು ಕಿಲೋಮೀಟರು ವೇಗಕ್ಕೆ ಏರಿಸುವ ಎಂಟು ಸಿಲಿಂಡರಿನ ಎಂಜಿನ್ನು ಮುಂದೆ ಕುಳಿತಿದೆ. ಅದನ್ನು ಅಫಾಲ್ಟರ್‌ಬಾಖ್ ಎಂಬ ಊರಿನಲ್ಲಿ ಒಬ್ಬನೇ ಕೆಲಸಗಾರನು ಆದ್ಯಂತವಾಗಿ ಜೋಡಿಸಿ ತನ್ನ ರುಜುವಿನ ಫಲಕವನ್ನು ಅದರ ಮೇಲೆ ಹಚ್ಚುತ್ತಾನೆ. ತಾಳೆಗರಿಯ ಕೊನೆಯಲ್ಲಿ ಲಿಪಿಕಾರನು ಹೆಸರು ಬರೆದಂತಿದ್ದ ಈ ಪದ್ಧತಿಯು ನಮಗೆ ಬಹಳ ಹಿಡಿಸಿತು. ಆದರೆ ಆಗ ನಾವು ಅದನ್ನು ಹೇಳಲಿಲ್ಲ.

ನಾವು ಕೇಳಿದ್ದು ಒಂದೇ ಪ್ರಶ್ನೆ: “ಇದರಲ್ಲಿ ಎಷ್ಟು ಜನ ಕೂರಬಹುದು?”

“ಇಬ್ಬರು, ಅಪ್ಪಯ್ಯ.”

ಆ ಬಳಿಕ ಎರಡು ದಿನ ನಾವು ಅವನೊಡನೆ ಹವೆಯ ವಿಚಾರವನ್ನು ಬಿಟ್ಟು ಬೇರೇನನ್ನೂ ಮಾತನಾಡಲಿಲ್ಲ. ತೀರ್ಥಹಳ್ಳಿಯ ಕಡೆಯ ನಮ್ಮ ಹೆಂಚಿನ ಮನೆಯ ಮಾಡು ಆರು ವರ್ಷಗಳಿಂದ ಸೋರುತ್ತಿದೆ. ಪಕಾಸಿಗೆ ಗೆದ್ದಲು ಹಿಡಿದಿದೆ, ರೀಪುಗಳು ಬಾಗಿವೆ. ಆಷಾಢದಲ್ಲಿ ನಡುಮನೆಯಲ್ಲಿ ಐದು ಕಡೆ ಪಾತ್ರೆಯಿಡಬೇಕು. ಮಗನಾದರೋ ಮಾಡನ್ನು ತೆಗೆದುಹಾಕಬಹುದಾದ ವಾಹನಕ್ಕೆಂದೇ ಹಣ ಸುರಿಯುತ್ತಿದ್ದಾನೆ! ಈ ವ್ಯಂಗ್ಯವನ್ನು ನಾವು ಮನಸ್ಸಿನಲ್ಲಿ ಎಷ್ಟೋ ಸಲ ಮೆಲುಕು ಹಾಕಿದೆವು.

ಮೂರನೆಯ ದಿನ ರಾತ್ರಿ ಊಟವಾದ ಮೇಲೆ ಅವನು ಒಂದು ಲೆಕ್ಕದ ಪುಸ್ತಕವನ್ನು ತಂದು ನಮ್ಮ ಮುಂದಿಟ್ಟನು. ಎಳೆಯವನಾಗಿದ್ದಾಗ ನಾವೇ ಕಲಿಸಿದ ಕ್ರಮದಲ್ಲಿ, ಎಡಕ್ಕೆ ದಿನಾಂಕ, ನಡುವೆ ವಿವರ, ಬಲಕ್ಕೆ ಮೊಬಲಗು. ಆ ಪುಸ್ತಕದಿಂದ ನಮಗೆ ತಿಳಿಯಬಂದುದನ್ನು, ಇಂತಹ ವಾಹನದ ಆಸೆಯುಳ್ಳ ಗೃಹಸ್ಥರ ಉಪಯೋಗಕ್ಕಾಗಿ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇವೆ.

ಹಳೆಯದಾದಂತೆ ವಾಹನದ ಬೆಲೆ ಇಳಿಯುತ್ತದೆ. ಅದರ ಸಾಮಾನುಗಳ ಬೆಲೆಯು ಹಾಗೆ ಇಳಿಯುವುದಿಲ್ಲ. ಕೊಳ್ಳುವಾಗ ಇಪ್ಪತ್ತನಾಲ್ಕು ಸಾವಿರದ ಮೋಟಾರು, ರಿಪೇರಿಯ ಮನೆಗೆ ಹೋದೊಡನೆ ಮತ್ತೆ ಲಕ್ಷದ ಮೋಟಾರೇ ಆಗಿಬಿಡುತ್ತದೆ. ಎಂಟು ಸಿಲಿಂಡರುಗಳಿಗೆ ಒಂದೊಂದಕ್ಕೆ ಎರಡರಂತೆ ಹದಿನಾರು ಸ್ಪಾರ್ಕ್ ಪ್ಲಗ್ಗುಗಳು. ಹಿಂದಿನ ಟೈರುಗಳು ಮುಂದಿನವುಗಳಿಗಿಂತ ಅಗಲ. ಆದುದರಿಂದ ಹಿಂದಿನದನ್ನು ಮುಂದಕ್ಕೆ ಹಾಕಿ ಸವೆಸುವ ಜಾಣತನಕ್ಕೆ ಇಲ್ಲಿ ಎಡೆಯಿಲ್ಲ. ಚಕ್ರಗಳ ಮೇಲೆ ದೇಹವನ್ನು ಎತ್ತಿಹಿಡಿಯುವ ಕೆಲಸದಲ್ಲಿ ಸ್ಪ್ರಿಂಗುಗಳ ಜೊತೆಗೆ ಅಧಿಕ ಒತ್ತಡದ ಎಣ್ಣೆಯೂ ಭಾಗಿಯಾಗಿದೆ. ಅದು ಹರಿಯುವ ರಬ್ಬರು ನಳಿಗೆಗಳನ್ನು ಒಡೆಯುವ ಮೊದಲೇ ಬದಲಾಯಿಸತಕ್ಕದ್ದು. ಆ ಒಂದು ಬಾಬಿನ ಮೊಬಲಗನ್ನು ಓದಿ ನಾವು ಕನ್ನಡಕವನ್ನು ಒರೆಸಿಕೊಂಡು ಮತ್ತೊಮ್ಮೆ ಓದಿದೆವು. ಪೆಟ್ರೋಲು ನೂರು ಕಿಲೋಮೀಟರಿಗೆ ಸುಮಾರು ಹದಿನಾಲ್ಕು ಲೀಟರು. ಎಂದರೆ ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಹೋಗಿಬರುವಷ್ಟರಲ್ಲಿ ಹದಿನೇಳು ಲೀಟರು ಸ್ವಾಹಾ!

ಆದರೆ ಹುಡುಗನು ಕಣ್ಣು ಮುಚ್ಚಿ ಕೊಂಡವನಲ್ಲ. ಮೊದಲು ನೋಡಿದ ವಾಹನಕ್ಕೆ ರಿಪೇರಿಯ ದಾಖಲೆಯೇ ಇರಲಿಲ್ಲ. ಎರಡನೆಯದನ್ನು ಸಂಜೆ ನೋಡಿ ಮೆಚ್ಚಿ, ಮರುದಿನ ಮುಂಜಾನೆ ಹೇಳದೆಯೇ ಹೋಗಿ ನೋಡಿದರೆ, ಅದರ ಒಂದು ಮೂಲೆಯು ರಾತ್ರಿಯೊಳಗೆ ಕುಸಿದು ಕುಳಿತಿತ್ತಂತೆ. ಎಣ್ಣೆಯ ಒತ್ತಡ ಇಳಿದುಹೋಗಿತ್ತು. ಮಾರುವವನು ಅದನ್ನು ಮುಚ್ಚಿಟ್ಟಿದ್ದನು. ಮೂರನೆಯದು ಒಬ್ಬ ವೃದ್ಧರದು. ಪ್ರತಿಯೊಂದು ಸೇವೆಯ ಮುದ್ರೆಯೂ ಪುಸ್ತಕದಲ್ಲಿತ್ತು. ಎರಡು ವರ್ಷಕ್ಕೊಮ್ಮೆ ಕಡ್ಡಾಯವಾಗಿ ನಡೆಯುವ ಸುರಕ್ಷಾ ಪರೀಕ್ಷೆಯ ವರದಿಗಳೆಲ್ಲ ಒಂದು ಕಡತದಲ್ಲಿದ್ದುವು. ಅಷ್ಟು ತಗ್ಗಿನ ಆಸನದಿಂದ ಏಳಲು ಮೊಣಕಾಲು ಒಪ್ಪುವುದಿಲ್ಲವೆಂಬುದೇ ಅವರು ಮಾರಲು ಕಾರಣ. ಆ ದೇಶದಲ್ಲಿ ವರ್ತಕನಿಂದ ಹಳೆಯ ವಾಹನವನ್ನು ಕೊಂಡರೆ ಒಂದು ವರ್ಷವಾದರೂ ಅವನು ಹೊಣೆಯಾಗಿರಬೇಕೆಂದು ಕಾನೂನಿದೆ. ಖಾಸಗಿ ಗೃಹಸ್ಥನು ಆ ಹೊಣೆಯನ್ನು ಕರಾರಿನಲ್ಲಿಯೇ ಕಳಚಿಕೊಳ್ಳಬಹುದು. ಆದ್ದರಿಂದ ಅಂತಹವರಿಂದ ಕೊಳ್ಳುವಾಗ ವಾಹನವನ್ನು ನೋಡುವಷ್ಟೇ ಶ್ರದ್ಧೆಯಿಂದ ಮನುಷ್ಯನನ್ನೂ ನೋಡಬೇಕಾಗುತ್ತದೆ.

ಮತ್ತೊಂದು ಏರ್ಪಾಟು ನಮಗೆ ಹೊಸದು. ಈ ವಾಹನದ ನಂಬರು ಫಲಕದ ಅಂಚಿನಲ್ಲಿ 04 ಮತ್ತು 10 ಎಂಬ ಅಂಕಿಗಳಿವೆ: ಏಪ್ರಿಲಿನಿಂದ ಅಕ್ಟೋಬರಿನವರೆಗೆ ಮಾತ್ರ ಸಾರ್ವಜನಿಕ ರಸ್ತೆಗಿಳಿಯಬಹುದು. ತೆರಿಗೆ, ವಿಮೆಗಳೂ ಆ ಏಳು ತಿಂಗಳಿಗೆ ಮಾತ್ರ. ಪೂರ್ಣ ವರ್ಷದ ತೆರಿಗೆ 371 ಯೂರೋ ಆಗುವಲ್ಲಿ ಸುಮಾರು 217ಕ್ಕೆ ಮುಗಿಯುತ್ತದೆ. ಉಳಿದ ಐದು ತಿಂಗಳು ಚಾತುರ್ಮಾಸ್ಯವನ್ನು ಹಿಡಿದ ಸನ್ಯಾಸಿಯಂತೆ ಅದು ಒಂದೇ ಕಡೆ ಇರತಕ್ಕದ್ದು.

“ನಾಳೆ ಭಾನುವಾರ. ನೀವು ಒಮ್ಮೆ ಕೂತು ನೋಡಿ, ಆಮೇಲೆ ಬೈಯಿರಿ,” ಎಂದನು. ನಮ್ಮ ಮನೆಯವರು, “ಹೋಗಿ ಬನ್ನಿ. ನಾನೂ ಸೊಸೆಯೂ ರೈಲಿನಲ್ಲಿ ಹೈಡಲ್‌ಬರ್ಗಿಗೆ ಬರುತ್ತೇವೆ. ಬರುವಾಗ ನಾನು ಕೂರುತ್ತೇನೆ,” ಎಂದು ನಿರ್ಣಯವನ್ನೇ ಕೊಟ್ಟುಬಿಟ್ಟರು.

ಹೊರಟ ದಾರಿಯನ್ನು ಅವನು ಆರಿಸಿದುದರಲ್ಲಿ ಒಂದು ಉದ್ದೇಶವಿತ್ತು. ಕಾರ್ಲ್ ಬೆಂಜ್ ಎಂಬ ಯಂತ್ರಜ್ಞನು ಮೂರು ಚಕ್ರದ ಮೋಟಾರು ಬಂಡಿಗಾಗಿ 1886ನೆಯ ಜನವರಿ 29ರಂದು ಹಕ್ಕುಪತ್ರಕ್ಕೆ ಅರ್ಜಿ ಸಲ್ಲಿಸಿದ್ದನು. ಆದರೆ ಅದನ್ನು ಕೊಳ್ಳುವವರು ಸಿಗಲಿಲ್ಲ. 1888ರ ಆಗಸ್ಟ್ ತಿಂಗಳಿನಲ್ಲಿ ಒಂದು ಮುಂಜಾನೆ ಅವನ ಪತ್ನಿ ಬರ್ಥಾ, ಗಂಡನಿಗೆ ತಿಳಿಸದೆಯೇ, ಇಬ್ಬರು ಗಂಡುಮಕ್ಕಳನ್ನು ಕರೆದುಕೊಂಡು ಮಾನ್‌ಹೈಮಿನಿಂದ ಫೋರ್ಟ್ಸ್‌ಹೈಮಿನಲ್ಲಿದ್ದ ತವರಿಗೆ ಆ ಬಂಡಿಯಲ್ಲಿಯೇ ಹೊರಟುಬಿಟ್ಟಳು. ನೂರು ಕಿಲೋಮೀಟರಿಗೂ ಮೀರಿದ ದಾರಿ. ಅಂದಿನವರೆಗೆ ಯಾರೂ ಮೋಟಾರಿನಲ್ಲಿ ಅಷ್ಟು ದೂರ ಹೋದವರಿರಲಿಲ್ಲ.

ನಾವು ಸ್ಟುಟ್‌ಗಾರ್ಟಿನಿಂದ ಹೆದ್ದಾರಿ ಹಿಡಿದು ಫೋರ್ಟ್ಸ್‌ಹೈಮಿನ ಬಳಿ ಇಳಿದು, ಅಲ್ಲಿಂದ ಉತ್ತರಕ್ಕೆ ಹಳ್ಳಿಯ ದಾರಿಯಲ್ಲಿ ತಿರುಗಿದೆವು. ಹೆದ್ದಾರಿಯಲ್ಲಿ ಫಲಕವಿಲ್ಲದ ಕಡೆ ವೇಗಕ್ಕೆ ಮಿತಿಯಿಲ್ಲ. 130 ಎಂಬುದು ಸಲಹೆ ಮಾತ್ರ. ಮಗನು ಸಲಹೆಯನ್ನೇ ಆಜ್ಞೆಯೆಂದು ಪಾಲಿಸಿದನು. ಆದರೆ ಹೆದ್ದಾರಿಗೆ ಸೇರುವ ಏರುದಾರಿಯಲ್ಲಿ ಒಮ್ಮೆ ಮಾತ್ರ ಕಾಲನ್ನು ಒತ್ತಿದನು. ಶಾಕುಂತಲದ ಮೊದಲನೆಯ ಅಂಕದ ರಥವೇಗದ ವರ್ಣನೆಯನ್ನು ನಾವು ಮೂವತ್ತೆರಡು ವರ್ಷ ಮಕ್ಕಳಿಗೆ ವಿವರಿಸಿದ್ದೆವು. ಅದು ಕವಿಸಮಯವಲ್ಲ, ಕಂಡದ್ದನ್ನು ಕಂಡಂತೆ ಹೇಳಿದ್ದು ಎಂಬುದು ಆ ನಾಲ್ಕೈದು ಸೆಕೆಂಡುಗಳಲ್ಲಿ ನಮಗೆ ಮನದಟ್ಟಾಯಿತು.

ಫೋರ್ಟ್ಸ್‌ಹೈಮ್ ಚಿನ್ನದ ಒಡವೆಗಳ ಊರು. 1767ರಿಂದ ಆ ಕಸುಬು ಅಲ್ಲಿದೆ. 1945ರ ಫೆಬ್ರವರಿ 23ರ ಬಾಂಬಿನ ಮಳೆಗೆ ಹಳೆಯ ಪಟ್ಟಣವೆಲ್ಲ ನಾಶವಾಯಿತು. ಅಲ್ಲಿಂದ ಬೌಶ್ಲಾಟ್ ಎಂಬ ಹಳ್ಳಿ. ಬರ್ಥಾ ಸವೆದ ಬ್ರೇಕಿನ ಮರಕ್ಕೆ ಪಾದರಕ್ಷೆ ಮಾಡುವವನಿಂದ ಚರ್ಮ ಹೊಡೆಯಿಸಿದ್ದು ಇಲ್ಲಿ. ನಳಿಗೆ ಕಟ್ಟಿಕೊಂಡಾಗ ಟೋಪಿಯ ಸೂಜಿಯಿಂದ ಚುಚ್ಚಿ ಬಿಡಿಸಿದಳು. ಗುಡ್ಡ ಬಂದಾಗ ಬಂಡಿಯನ್ನು ತಳ್ಳಬೇಕಾಯಿತು. ಮಗನು ಇದನ್ನೆಲ್ಲ ಹೇಳುತ್ತಿದ್ದನು; ನಾವು ತೆರೆದ ಆಕಾಶದ ಕೆಳಗೆ ಕೂತು, ಕೊಯ್ದ ಹೊಲಗಳ ಹುಲ್ಲಿನ ವಾಸನೆಯನ್ನೂ ಎಲ್ಲೋ ಸುಡುತ್ತಿದ್ದ ಸೌದೆಯ ವಾಸನೆಯನ್ನೂ ಕುಡಿಯುತ್ತಿದ್ದೆವು. ಮುಚ್ಚಿದ ಮೋಟಾರಿನಲ್ಲಿ ಊರುಗಳು ಕಣ್ಣಿಗೆ ಮಾತ್ರ ಕಾಣುತ್ತವೆ. ಇದರಲ್ಲಿ ಮೂಗಿಗೂ ಕಿವಿಗೂ ಬಂದು ತಾಗುತ್ತವೆ.

ಬ್ರೆಟನ್ ದಾಟಿದ ಮೇಲೆ ಮಳೆ ಬಂದಿತು. ಹನಿಯಲ್ಲ, ನಮ್ಮ ಕಡೆಯ ಮಳೆಯೇ. ಮಗನು ನಿಶ್ಚಿಂತೆಯಿಂದ ಬದಿಗೆ ನಿಲ್ಲಿಸಿ, “ಹದಿನಾರು ಸೆಕೆಂಡು, ಅಪ್ಪಯ್ಯ,” ಎಂದು ಗುಂಡಿಯನ್ನೊತ್ತಿದನು. ಮಾಡು ಅಲುಗಲಿಲ್ಲ. ಮತ್ತೆ ಒತ್ತಿದನು, ಇಲ್ಲ. ಕಾರಣವೇನೆಂದರೆ, ಈ ಮಾಡು ಲೋಹದ್ದು. ಮಡಚಿ ಹಿಂದಿನ ಡಿಕ್ಕಿಯೊಳಗೆ ಇಳಿಯತಕ್ಕದ್ದು. ಅಲ್ಲಿ ಸಾಮಾನಿಗೂ ಮಾಡಿಗೂ ನಡುವೆ ಎಳೆದು ಸಿಕ್ಕಿಸುವ ಒಂದು ಪರದೆಯಿದೆ. ಅದು ತನ್ನ ಸ್ಥಾನದಲ್ಲಿಲ್ಲದಿದ್ದರೆ, ಸಾಮಾನು ಜಜ್ಜಿಹೋದೀತೆಂದು ಯಂತ್ರವು ಹಟ ಹಿಡಿಯುತ್ತದೆ. ಹಿಂದಿನ ನಿಲುಗಡೆಯಲ್ಲಿ ನಾವೇ ಡಿಕ್ಕಿಯನ್ನು ತೆಗೆದು, ಚಕ್ಕುಲಿಯ ಡಬ್ಬಿ ಉರುಳದಂತೆ ನೆಟ್ಟಗೆ ನಿಲ್ಲಿಸಲೆಂದು ಆ ಪರದೆಯನ್ನು ಕಳಚಿದ್ದೆವು! ಮಗನು ಓಡಿಹೋಗಿ ಡಬ್ಬಿಯನ್ನು ತಂದು ನಮ್ಮ ತೊಡೆಯ ಮೇಲಿಟ್ಟು, ಪರದೆಯನ್ನು ಸಿಕ್ಕಿಸಿ, ಮಾಡನ್ನು ಮುಚ್ಚುವಷ್ಟರಲ್ಲಿ ತಂದೆ ಮಕ್ಕಳಿಬ್ಬರಿಗೂ ಸಚೇಲ ಸ್ನಾನವಾಗಿತ್ತು.

ಒದ್ದೆಯಾಗಿ ಕೂತಲ್ಲಿಯೇ, ತಡೆದಿದ್ದ ಮಾತು ಹೊರಬಿತ್ತು. “ಊರಿನ ಮಾಡು ಸೋರುತ್ತಿರುವುದು ನಿನಗೆ ಗೊತ್ತಿಲ್ಲವೇ?” ಎಂದೆವು.

ಅವನು ಸ್ವಲ್ಪ ಹೊತ್ತು ಗಾಜನ್ನು ಒರೆಸಿದನು. “ಮಾಡಿಗೆ ಅಂತ ಮೂರು ಸಲ ದುಡ್ಡು ಕಳಿಸಿದ್ದೆನಲ್ಲ, ಅದು ಏನಾಯ್ತು?”

ನಾವು ಉತ್ತರ ಕೊಡಬೇಕಾಯಿತು. ಆ ಮೂರು ಮೊತ್ತಗಳನ್ನೂ ನಾವು ಅವನ ಹೆಸರಿನಲ್ಲಿಯೇ ಮುದ್ದತಿನ ಠೇವಣಿಯಿಟ್ಟಿದ್ದೆವು. ಪರದೇಶದ ಕೆಲಸ, ಎಂದು ಹೋಗುವುದೋ ತಿಳಿಯದು. ಆಗ ಅವನಿಗೇ ಬೇಕಾಗುತ್ತದೆ ಎಂದು ನಮ್ಮ ಎಣಿಕೆ.

“ಹಾಗಾದರೆ ಆರು ಮಳೆಗಾಲ ಅಮ್ಮ ಪಾತ್ರೆ ಹಿಡಿದು ಓಡಾಡಿದ್ದು ನನ್ನ ದುಡ್ಡು ಕಾಯಲಿಕ್ಕೋ?” ಎಂದನು. ಸಿಟ್ಟಿನಿಂದ ಹೇಳಿದ್ದರೆ ನಾವೂ ಏನಾದರೂ ಹೇಳುತ್ತಿದ್ದೆವು. ಅವನು ಸಿಟ್ಟಿನಿಂದ ಹೇಳಲಿಲ್ಲ. ಬ್ರುಖ್ಸಾಲಿನವರೆಗೆ ಇಬ್ಬರೂ ಚಕ್ಕುಲಿ ತಿಂದೆವು.

ಆ ಬ್ರುಖ್ಸಾಲಿನಲ್ಲಿಯೇ ಬರ್ಥಾ ಕಮ್ಮಾರನೊಬ್ಬನಿಂದ ಸರಪಣಿಯನ್ನು ಸರಿಮಾಡಿಸಿದ್ದಳು. ಅಲ್ಲಿಂದ ಮುಂದೆ ವೀಸ್ಲೋಕ್. ಇಂಧನ ತೀರಿದಾಗ ಅವಳು ಈ ಊರಿನ ಔಷಧದ ಅಂಗಡಿಯಲ್ಲಿ, ಕಲೆ ತೆಗೆಯಲು ಮಾರುತ್ತಿದ್ದ ಲಿಗ್ರೊಯಿನ್ ಎಂಬ ದ್ರವವನ್ನು ಕೊಂಡು ತುಂಬಿಸಿದಳು. ಜಗತ್ತಿನ ಮೊದಲನೆಯ ಪೆಟ್ರೋಲು ಅಂಗಡಿ ಇದೇ ಎಂದು ಊರವರು ಹೆಮ್ಮೆಪಡುತ್ತಾರೆ. ಎದುರಿಗೆ ಒಂದು ಸ್ಮಾರಕವಿದೆ. ನಾವು ಅದನ್ನು ನೋಡಿಬಂದು, ಊರ ಹೊರಗಿನ ಪೆಟ್ರೋಲು ಬಂಕಿನಲ್ಲಿ ನಿಂತೆವು. ಹಣವನ್ನು ನಾವು ಕೊಡುತ್ತೇವೆಂದು ಹಟ ಹಿಡಿದೆವು. ಮೊಬಲಗನ್ನು ಕಂಡ ಮೇಲೆ ಹಟವು ತುಸು ಸಡಿಲಿತು, ಆದರೂ ಕೊಟ್ಟೆವು.

ಹೈಡಲ್‌ಬರ್ಗಿನಲ್ಲಿ ನೆಕ್ಕಾರ್ ನದಿಯ ಹಳೆಯ ಸೇತುವೆಯ ಮೇಲೆ ಮನೆಯವರೂ ಸೊಸೆಯೂ ಕಾದಿದ್ದರು. ನಮ್ಮ ಒದ್ದೆ ಪಂಚೆಯನ್ನು ನೋಡಿ ಯಾರೂ ಏನನ್ನೂ ಕೇಳಲಿಲ್ಲ. ಬರ್ಥಾಳ ಕಥೆಯನ್ನು ಸೊಸೆಯು ರೈಲಿನಲ್ಲಿಯೇ ಹೇಳಿದ್ದಳು. ಮದುವೆಗೆ ಮೊದಲೇ ಆಕೆ ತನ್ನ ವರದಕ್ಷಿಣೆಯ ಹಣವನ್ನು ತೆಗೆಸಿ ಬೆಂಜನ ಕಾರ್ಖಾನೆಯನ್ನು ಉಳಿಸಿದಳೆಂಬ ಭಾಗವು ಮನೆಯವರಿಗೆ ಬಹಳ ನಾಟಿತ್ತು. “ಹೆಂಗಸಿನ ದುಡ್ಡಿನಿಂದ ಹುಟ್ಟಿದ ಕಾರು ಅಂತ ಆಯ್ತು. ಏಳಿ, ನನ್ನ ಜಾಗ ಬಿಡಿ,” ಎಂದರು. ಮಳೆ ನಿಂತಿತ್ತು. ತಲೆಗೆ ಶಾಲನ್ನು ಬಿಗಿದು ಕಟ್ಟಿಕೊಂಡು ಕೂತರು. ಮಗನು ಮಾಡನ್ನು ತೆರೆದನು. ಅದು ಮೇಲೆದ್ದು, ಮಡಚಿ, ಹಿಂದೆ ಮಲಗುವುದನ್ನು ಅವರು ಕುತ್ತಿಗೆ ತಿರುಗಿಸಿ ಕೊನೆಯವರೆಗೂ ನೋಡಿದರು. ಬಳಿಕ ತಿರುವಿನಲ್ಲಿ ಶಾಲಿನ ತುದಿ ಮಾತ್ರ ಕಂಡಿತು. ನಾವು ಸೊಸೆಯೊಡನೆ ರೈಲು ನಿಲ್ದಾಣಕ್ಕೆ ನಡೆದೆವು.

ಅವರು ಮನೆ ಮುಟ್ಟಿದ್ದು ನಮಗಿಂತ ಎರಡು ಗಂಟೆ ತಡವಾಗಿ. ದಾರಿ ತಪ್ಪಿತೆಂದು ಮಗನು ಹೇಳಿದನು. ತಪ್ಪಿಸಿದ್ದೆಂದು ಮನೆಯವರು ಹೇಳಿದರು.

ಊರಿಗೆ ಬಂದ ಮೇಲೆ ಠೇವಣಿಗಳನ್ನು ಬಿಡಿಸಿದೆವು. ಮಾರ್ಗಶಿರದಲ್ಲಿ ಬಡಗಿ ಬಂದು ಹೆಂಚು ಇಳಿಸಿದನು. ಪಕಾಸುಗಳನ್ನೆಲ್ಲ ಕಳಚಿದ ಮೇಲೆ ನಾಲ್ಕು ರಾತ್ರಿ ನಡುಮನೆಗೆ ಮಾಡೇ ಇರಲಿಲ್ಲ. ಚಾಪೆ ಹಾಸಿ ಮಲಗಿದರೆ ಮೇಲೆ ಕೃತ್ತಿಕೆ, ರೋಹಿಣಿ, ಅದರ ಹಿಂದೆ ಮೃಗಶಿರ. ಬಡಗಿಯು ಎಂಟು ದಿನದ ಕೆಲಸವೆಂದಿದ್ದವನು ಹತ್ತೊಂಬತ್ತು ದಿನ ಮಾಡಿದನು.