ತಿಳಿಸ್ತೀವಿ

ಅಕ್ಕನ ಮಗ ದಾವಣಗೆರೆಯಿಂದ ರಾತ್ರಿ ಬಸ್ಸು ಹತ್ತಿ ಬೆಳಗಿನ ಜಾವ ಮೆಜೆಸ್ಟಿಕ್‌ನಲ್ಲಿ ಇಳಿದ. ಮನೆಗೆ ಬಂದು ಸ್ನಾನ ಮುಗಿಸಿ, ಊರಲ್ಲೇ ಇಸ್ತ್ರಿ ಮಾಡಿಸಿ ಪೇಪರಿನಲ್ಲಿ ಸುತ್ತಿ ತಂದಿದ್ದ ಅಂಗಿ ತೊಟ್ಟ. ಪ್ಲಾಸ್ಟಿಕ್ ಫೈಲಿನಲ್ಲಿ ಎಸ್‌ಎಸ್‌ಎಲ್‌ಸಿಯಿಂದ ಡಿಪ್ಲೊಮಾದ ಕೊನೆಯ ಸೆಮಿಸ್ಟರ್‌ವರೆಗಿನ ಅಂಕಪಟ್ಟಿಗಳು, ಒಂದೊಂದಕ್ಕೂ ಎರಡೆರಡು ಜೆರಾಕ್ಸ್. ಹತ್ತಕ್ಕೆ ಬರಹೇಳಿದ್ದ ಕಂಪನಿಗೆ ಒಂಬತ್ತಕ್ಕೇ ಹೋಗಿ ಕೂತ. ಅವನ ಸರದಿ ಬಂದಾಗ ಸಂಜೆ ನಾಲ್ಕೂವರೆ. ಎದ್ದು ಹೋದಾಗಲೇ ಹೆಸರು ಕರೆದುಬಿಟ್ಟರೆ ಎಂದು ಊಟಕ್ಕೂ ಏಳಲಿಲ್ಲ. ಒಳಗಿದ್ದವರು ಫೈಲು ಬಿಚ್ಚಲಿಲ್ಲ. ಎರಡು ಪ್ರಶ್ನೆ ಕೇಳಿ, "ಆಯ್ತು, ತಿಳಿಸ್ತೀವಿ" ಎಂದರು.

ಆ ಒಂದು ಮಾತು ಮೂರು ವಾರ ನಮ್ಮ ಮನೆಯಲ್ಲಿ ಠಿಕಾಣಿ ಹೂಡಿತು. ರಾತ್ರಿ ಫೋನು ತಲೆದಿಂಬಿನ ಕೆಳಗೆ. ಸ್ನಾನಕ್ಕೆ ಹೊರಟರೆ "ಚಿಕ್ಕಮ್ಮ, ಫೋನ್ ಬಂದ್ರೆ ತಗೊಳ್ಳಿ" ಎನ್ನುವನು. "ಏನಾದ್ರೂ ತಿಳಿಸಿದ್ರೇನೇ?" ಎಂದು ಅಕ್ಕ ಊರಿಂದ ದಿನಾ ಕೇಳುವಳು. ಕೊನೆಗೆ ಇವನೇ ಫೋನ್ ಮಾಡಿದ. ಎತ್ತಿದವರಿಗೆ ಇವನ ಹೆಸರೇ ಗೊತ್ತಿರಲಿಲ್ಲ.

ಹಿಂದೆ ಹೆಣ್ಣು ನೋಡಲು ಬಂದವರು ಉಪ್ಪಿಟ್ಟು ಕೇಸರಿಬಾತು ತಿಂದು, "ಊರಿಗೆ ಹೋಗಿ ಕಾಗದ ಬರೀತೀವಿ" ಎಂದು ಎದ್ದು ಹೋಗುತ್ತಿದ್ದರು. ಆ ಕಾಗದಕ್ಕೆ ಕಾದು ಸೊರಗಿದ ಹೆಣ್ಣುಮಕ್ಕಳನ್ನು ಕಂಡಿದ್ದೇನೆ. ಬೇಡ ಎಂದು ಬರೆದಿದ್ದರೆ ಎರಡು ದಿನ ಅತ್ತು ಸುಧಾರಿಸಿಕೊಳ್ಳುತ್ತಿದ್ದರು. ಬಾರದ ಕಾಗದ ಅವರನ್ನು ಕನ್ನಡಿಯ ಮುಂದೆ ನಿಲ್ಲಿಸಿ ತಮ್ಮಲ್ಲೇ ಊನ ಹುಡುಕಿಸಿತು. "ನನ್ನ ಇಂಗ್ಲಿಷ್ ಸರಿ ಇರಲಿಲ್ವಾ ಚಿಕ್ಕಮ್ಮ? ಅಂಗಿ ಹಳೇದಾಯ್ತಾ?" ಎಂದು ಇವನು ಕೇಳಿದಾಗ ನನಗೆ ಆ ಹೆಣ್ಣುಮಕ್ಕಳೇ ನೆನಪಾದರು.

ಸರ್ಕಾರಿ ಕೆಲಸದ ಹಾದಿಯೂ ಬೇರೆಯಲ್ಲ. ಕರ್ನಾಟಕ ಲೋಕಸೇವಾ ಆಯೋಗ 384 ಗೆಜೆಟೆಡ್ ಪ್ರೊಬೇಷನರ್ ಹುದ್ದೆಗಳಿಗೆ 2024ರ ಆಗಸ್ಟ್ 27ರಂದು ನಡೆಸಿದ ಪೂರ್ವಭಾವಿ ಪರೀಕ್ಷೆಯಲ್ಲಿ ಕನ್ನಡ ಪ್ರಶ್ನೆಗಳ ಅನುವಾದ ತಪ್ಪಾಗಿತ್ತು. ಡಿಸೆಂಬರ್ 29ರ ಮರುಪರೀಕ್ಷೆಯಲ್ಲೂ ತಪ್ಪುಗಳು ಉಳಿದವು. ವರ್ಷಗಟ್ಟಲೆ ಕೂತು ಓದಿದ ಮಕ್ಕಳ ಮುಂದೆ ಸರಿಯಾಗಿ ತಿದ್ದದ ಪ್ರಶ್ನೆಪತ್ರಿಕೆ ಇಡುವುದಕ್ಕೂ ಫೈಲು ಬಿಚ್ಚದೆ ಸಾಗಹಾಕುವುದಕ್ಕೂ ನನಗೆ ವ್ಯತ್ಯಾಸ ಕಾಣುವುದಿಲ್ಲ.

ಕೆಲಸ ಕೊಡುವುದು ಬಿಡುವುದು ಕರೆದವರ ಇಷ್ಟ. ಆದರೆ ಕರೆದ ಮೇಲೆ ಉತ್ತರ ಕೊಡುವುದು ಅವರ ಮೇಲಿನ ಋಣ.

ತಿಂಗಳ ಮೇಲೆ ಅವನು ಪೀಣ್ಯದ ಒಂದು ಸಣ್ಣ ಕಾರ್ಖಾನೆಗೆ ಹೋಗಿಬಂದ. ಮಾಲೀಕರು ಟೀ ತರಿಸಿ, ಅಂಕಪಟ್ಟಿಗಳನ್ನೆಲ್ಲ ತಿರುವಿ ನೋಡಿ, "ನೋಡಪ್ಪ, ನಮಗೆ ಸಿಎನ್‌ಸಿ ಮೆಷಿನ್ ಓಡಿಸಿ ಗೊತ್ತಿರೋರು ಬೇಕು. ನಿನಗೆ ಅದಿನ್ನೂ ಬರಲ್ಲ. ಕಲಿತುಕೊಂಡು ಬಾ, ನೋಡೋಣ" ಎಂದರಂತೆ. ಕೆಲಸ ಸಿಗಲಿಲ್ಲ. ಆ ರಾತ್ರಿ ಅವನು ಎರಡನೇ ಸಲ ಅನ್ನ ಹಾಕಿಸಿಕೊಂಡು ಉಂಡ. ಮಲಗುವಾಗ ಫೋನನ್ನು ಟೀವಿಯ ಪಕ್ಕದಲ್ಲೇ ಬಿಟ್ಟು ಹೋದ.