ಕೊಬ್ಬರಿ ಸುಲಿಸಿದ್ರಾ?

ಆವತ್ತು ಆಫೀಸಿನಲ್ಲಿ ಕೇಕ್ ಕಟ್ ಮಾಡಿದ್ವಿ. ಮೀಟಿಂಗ್ ರೂಮಿನ ದೊಡ್ಡ ಟೀವಿ ಮೇಲೆ ಎರಡು ಗೆರೆಗಳಿದ್ದವು, ಒಂದು ಬೂದು, ಒಂದು ಹಸಿರು. ಹಸಿರು ಗೆರೆ ಮೇಲಿತ್ತು. ಅದು ನನ್ನ ಗೆರೆ. ಮೂರು ತಿಂಗಳು ಕೂತು ಬರೆದ ಫೀಚರ್ ಗೆದ್ದಿತ್ತು. ಮ್ಯಾನೇಜರ್ ಬೆನ್ನು ತಟ್ಟಿದರು. ನಾನು ಕೇಕಿನ ಫೋಟೋ ತೆಗೆದು ಅಪ್ಪನಿಗೆ ವಾಟ್ಸಾಪ್ ಮಾಡಿದೆ. ಅಪ್ಪ ಯಾವಾಗಲೂ ಕಳಿಸೋ ಹಾಗೆ ಕೈ ಮುಗಿಯುವ ಇಮೋಜಿ ಕಳಿಸಿದ.

ಆ ಇಮೋಜಿ ಕಳಿಸುವಾಗ ಅಪ್ಪನಿಗೆ ವಿಷಯ ಗೊತ್ತಿತ್ತು. ನನಗೆ ಗೊತ್ತಾಗೋಕೆ ಇನ್ನೂ ಎರಡು ತಿಂಗಳು ಬೇಕಾಯ್ತು.

ಮೊದಲು ಆ ಫೀಚರ್ ಏನು ಅಂತ ಹೇಳಿಬಿಡ್ತೀನಿ. ಕಿರಾಣಿ ಅಂಗಡಿಗಳಲ್ಲಿ ಸಾಲ ಬರೆಯೋ ಉದ್ದನೆಯ ಪುಸ್ತಕ ನೋಡಿರ್ತೀರಲ್ಲ, ಅದನ್ನು ಫೋನಿಗೆ ತರೋ ಆ್ಯಪ್ ನಮ್ಮದು. ಯಾರಿಗೆ ಎಷ್ಟು ಕೊಟ್ಟೆ, ಎಷ್ಟು ಬಂತು ಅಂತ ಅಂಗಡಿಯವರು ಅದರಲ್ಲಿ ಹಾಕ್ತಾರೆ. ನಾನು ಮಾಡಿದ್ದು ಇಷ್ಟು: ಸಾಲ 30 ದಿನ ದಾಟಿದರೆ ಗಿರಾಕಿಗೆ ಅಂಗಡಿಯ ಹೆಸರಿನಲ್ಲಿ ತಾನೇ ತಾನಾಗಿ ಒಂದು ಮೆಸೇಜ್ ಹೋಗುತ್ತೆ. ಕೆಳಗೊಂದು ಲಿಂಕ್. ಒತ್ತಿದರೆ ನೇರವಾಗಿ ಯುಪಿಐ ತೆರೆದುಕೊಂಡು, ಮೊತ್ತ ಮೊದಲೇ ತುಂಬಿಕೊಂಡು, ಪಿನ್ ಹಾಕಿದರೆ ಮುಗೀತು.

ಇಂಥದ್ದನ್ನು ನಾವು ಒಂದೇ ಸಲಕ್ಕೆ ಎಲ್ಲರಿಗೂ ಬಿಡೋದಿಲ್ಲ. ಅಂಗಡಿಗಳನ್ನು ಚೀಟಿ ಎತ್ತಿದ ಹಾಗೆ ಎರಡು ಪಾಲು ಮಾಡ್ತೀವಿ. ಒಂದು ಪಾಲಿಗೆ ಹೊಸದು, ಇನ್ನೊಂದಕ್ಕೆ ಹಳೆಯದೇ. ಯಾವ ಪಾಲಿನಲ್ಲಿ ಬಾಕಿ ಹೆಚ್ಚು ವಸೂಲಾಯ್ತು ಅಂತ 14 ದಿನ ನೋಡೋದು. ಎ/ಬಿ ಟೆಸ್ಟ್ ಅಂತಾರೆ ಇದಕ್ಕೆ. ನನಗೆ ಹಿಂಗನ್ಸುತ್ತೆ ಅಂತ ಬಾಸು ಮೇಜು ಕುಟ್ಟೋ ಕಾಲ ಹೋಗಿ, ಲೆಕ್ಕ ಏನು ಹೇಳುತ್ತೆ ನೋಡೋಣ ಅನ್ನೋ ಕಾಲ ಬಂದಿದ್ದು ಇದರಿಂದಲೇ. ಆ ವಿಷಯದಲ್ಲಿ ನನಗೆ ಇವತ್ತಿಗೂ ಗೌರವ ಇದೆ. ಹಳ್ಳಿ ಶಾಲೆಯಿಂದ ಬಂದು, ಮೀಟಿಂಗಿನಲ್ಲಿ ಇಂಗ್ಲಿಷ್ ಮಾತಾಡೋಕೆ ಅಂಜುತ್ತಿದ್ದ ನನ್ನಂಥವನ ಐಡಿಯಾ ಗೆಲ್ಲೋಕೆ ಸಾಧ್ಯವಾಗಿದ್ದು ಗೆರೆ ಮೇಲೆ ಹೋಗಿದ್ದಕ್ಕೆ, ನಾನು ಚೆನ್ನಾಗಿ ಮಾತಾಡಿದ್ದಕ್ಕಲ್ಲ.

ಅಪ್ಪನ ಅಂಗಡಿ ಇರೋದು ತಿಪಟೂರು ಕಡೆಯ ಒಂದು ಹಳ್ಳಿಯಲ್ಲಿ. ಆ್ಯಪ್ ಹಾಕಿಕೊಟ್ಟಿದ್ದು ನಾನೇ. ಸಾಲದ ಪುಸ್ತಕ ಮುಂದಿಟ್ಟುಕೊಂಡು ಒಂದು ಭಾನುವಾರ ಪೂರ್ತಿ ಕೂತು ಒಬ್ಬೊಬ್ಬರ ಬಾಕಿಯನ್ನೂ ಫೋನಿಗೆ ಹತ್ತಿಸಿದ್ದೆ. ಚೀಟಿ ಎತ್ತಿದಾಗ ಆ ಅಂಗಡಿ ಹಸಿರು ಗೆರೆಯ ಪಾಲಿಗೆ ಬಿದ್ದಿತ್ತು. ಪ್ರತಿ ಭಾನುವಾರ ಫೋನಿನಲ್ಲಿ "ಆ್ಯಪ್ ಹೆಂಗಿದೆ ಅಪ್ಪ?" ಅಂತ ಕೇಳ್ತಿದ್ದೆ. "ಚೆನ್ನಾಗೈತೆ ಕಣಪ್ಪ" ಅಂತಿದ್ದ. ನಮ್ಮ ಭಾಷೆಯಲ್ಲಿ ಇದಕ್ಕೆ ಕಸ್ಟಮರ್ ಫೀಡ್‌ಬ್ಯಾಕ್ ಅಂತಾರೆ.

ಗೌರಿ ಹಬ್ಬಕ್ಕೆ ಊರಿಗೆ ಹೋದೆ. ಬಸ್ ಇಳಿದು ನಡೆದು ಬರುವಾಗ ಮೂಲೆಮನೆ ಮಾವ ಎದುರಿಗೆ ಸಿಕ್ಕರು. ರಕ್ತಸಂಬಂಧ ಅಲ್ಲ, ಆದರೆ ನನಗೆ ಸೈಕಲ್ ಕಲಿಸಿದವರು. "ಚೆನ್ನಾಗಿದ್ದೀರಾ ಮಾವ?" ಅಂದೆ. "ಹ್ಞೂಂ ಕಣಪ್ಪ" ಅಂದು ನಿಲ್ಲದೆ ಹೋದರು. ಕೈಯಲ್ಲಿ ಚೀಲ ಇತ್ತು. ಚೀಲದಲ್ಲಿ ಸೋಪು, ಎಣ್ಣೆ, ಬೆಲ್ಲ. ನಮ್ಮ ಅಂಗಡಿ ಅವರ ಮನೆಯಿಂದ ನಾಲ್ಕು ಮನೆ ಆಚೆ. ಅವರು ಬಸ್‌ಸ್ಟಾಪ್ ಹತ್ತಿರದ ಅಂಗಡಿಯಿಂದ ಬರ್ತಿದ್ದರು.

ಅಪ್ಪನನ್ನು ಕೇಳಿದರೆ ಬೇರೆ ಮಾತು ತೆಗೆದ. ರಾತ್ರಿ ಅಡುಗೆಮನೆಯಲ್ಲಿ ಅಮ್ಮ ಹೇಳಿದಳು.

ಮಾವನಿಗೆ ಸ್ವಂತ ಫೋನಿಲ್ಲ. ಆದರೆ ನಮ್ಮ ಆ್ಯಪ್‌ನಲ್ಲಿ ಗಿರಾಕಿ ಹೆಸರಿನ ಕೆಳಗೆ ಮೊಬೈಲ್ ನಂಬರ್ ಹಾಕದಿದ್ದರೆ ಮುಂದಕ್ಕೆ ಹೋಗೋದೇ ಇಲ್ಲ. ಆ ಭಾನುವಾರ ನಾನು "ನಂಬರ್ ಏನಪ್ಪ?" ಅಂದಾಗ ಅಪ್ಪ ಪುಸ್ತಕದ ಹಿಂದಿನ ರಟ್ಟಿನ ಮೇಲೆ ಬರೆದಿದ್ದ ಒಂದು ನಂಬರ್ ಹೇಳಿದ್ದ. ಅದು ಮಾವನ ಮಗಳದ್ದು. ಏನಾದರೂ ಅರ್ಜೆಂಟಿದ್ದರೆ ಫೋನ್ ಮಾಡಲಿ ಅಂತ ಎಂದೋ ಬರೆಸಿಟ್ಟಿದ್ದು. ಮಗಳನ್ನು ಕೊಟ್ಟಿರೋದು ಚಿಕ್ಕನಾಯಕನಹಳ್ಳಿ ಕಡೆಗೆ. ಮೆಸೇಜ್ ಹೋದಾಗ ಫೋನ್ ಇದ್ದದ್ದು ಅಳಿಯನ ಕೈಯಲ್ಲಿ.

"ನಿಮ್ಮ ಬಾಕಿ ಮೊತ್ತ 2,340 ರೂ. ಕೂಡಲೇ ಪಾವತಿಸಿ."

ಅಳಿಯ ಓದಿದ, ಲಿಂಕ್ ಒತ್ತಿದ, ಕಟ್ಟಿದ. ಅಪ್ಪನ ಫೋನಿನಲ್ಲಿ ಆಮೇಲೆ ತೆಗೆದು ನೋಡಿದೆ: ಮೆಸೇಜ್ ಹೋದ 6 ನಿಮಿಷಕ್ಕೆ ದುಡ್ಡು ಬಂದಿದೆ. ಮೀಟಿಂಗಿನಲ್ಲಿ ನಾನು ತೋರಿಸಿದ ಸ್ಲೈಡ್‌ಗಳಲ್ಲಿ ಒಂದರ ತಲೆಬರಹವೇ "10 ನಿಮಿಷದೊಳಗೆ ವಸೂಲಿ" ಅಂತಿತ್ತು. ಆ ಲೆಕ್ಕದಲ್ಲಿ ಮೂಲೆಮನೆ ಮಾವನೂ ಒಂದು ಸಂಖ್ಯೆ.

ಸಂಜೆ ಮಗಳು ಅಂಗಡಿಗೆ ಫೋನ್ ಮಾಡಿ ಅಪ್ಪನನ್ನು ಕರೆಸಿ ಮಾತಾಡಿದಳಂತೆ. ಏನು ಮಾತಾಡಿದಳೋ ಯಾರೂ ಕೇಳಿಸಿಕೊಳ್ಳಲಿಲ್ಲ. ಮಾವ ಫೋನ್ ವಾಪಸ್ ಕೊಟ್ಟು, "ಅಳಿಯನ ಮುಂದೆ ನಿಲ್ಲಿಸ್ಬಿಟ್ಟೆಯಲ್ಲಪ್ಪ" ಅಂತ ಅಷ್ಟೇ ಅಂದು ಎದ್ದು ಹೋದರು. ಆಮೇಲೆ ಅಂಗಡಿ ಕಡೆ ಬಂದಿಲ್ಲ.

ಅಪ್ಪ ನನಗೆ ಯಾಕೆ ಹೇಳಲಿಲ್ಲ? "ನಿಂಗೆ ಪ್ರಮೋಷನ್ ಐತೆ ಅಂತಿದ್ದೆಯಲ್ಲ" ಅಂದ ಮಾರನೇ ದಿನ.

ಊರಿಂದ ವಾಪಸ್ ಬರುವಾಗ ಬಸ್ಸಿನಲ್ಲಿ ಲೆಕ್ಕ ಹಾಕಿದೆ, ಇದರಲ್ಲಿ ನಾನು ಮಾಡಿದ ತೀರ್ಮಾನ ಎಷ್ಟು ಅಂತ. ನಂಬರ್ ಕಡ್ಡಾಯ ಅಂತ ಕೆಂಪು ಚುಕ್ಕಿ ಇಟ್ಟವನು ನಾನು. ಡೇಟಾ ಕ್ಲೀನ್ ಆಗಿರಲಿ ಅಂತ. ಮೆಸೇಜ್ ಕಳಿಸಬೇಕೋ ಬೇಡವೋ ಅನ್ನೋ ಬಟನ್ ಮೊದಲಿಂದಲೇ ಆನ್ ಇರಲಿ ಅಂದವನೂ ನಾನೇ. ಸೆಟಿಂಗ್ಸ್ ಒಳಗೆ ಹೋಗಿ ಆಫ್ ಮಾಡೋರು ಬಹಳ ಕಡಿಮೆ ಅಂತ ಈ ಕೆಲಸದಲ್ಲಿರುವ ಎಲ್ಲರಿಗೂ ಗೊತ್ತು, ಅದಕ್ಕೇ ಆನ್ ಇಟ್ಟಿದ್ದು. 30 ದಿನ ಅನ್ನೋದನ್ನು ಎಲ್ಲಿಂದ ತಂದೆ ಅಂತ ನೆನಪೇ ಇಲ್ಲ. ಬಹುಶಃ ತಿಂಗಳ ಸಂಬಳ ತಗೊಳ್ಳೋನಿಗೆ ತೋಚುವ ನಂಬರ್ ಅದು. ಇನ್ನು ಆ ಕನ್ನಡ. ಟೀಮಿನಲ್ಲಿ ಕನ್ನಡ ಓದಿಕೊಂಡವನು ನಾನೊಬ್ಬನೇ ಅಂತ ಭಾಷಾಂತರ ನನಗೇ ಕೊಟ್ಟಿದ್ದರು. "ಕೂಡಲೇ ಪಾವತಿಸಿ" ಅಂತ ನಮ್ಮೂರಲ್ಲಿ ಬರೆಯೋದು ಸೊಸೈಟಿ ನೋಟಿಸ್‌ನಲ್ಲಿ ಮಾತ್ರ. ಹುಟ್ಟಿದಾಗಿನಿಂದ ಆ ಅಂಗಡಿಯಲ್ಲಿ ಬೆಳೆದವನು ಬರೆದ ವಾಕ್ಯ ಅದು.

30 ದಿನದ ವಿಷಯಕ್ಕೆ ಬರ್ತೀನಿ. ನಮ್ಮ ಕಡೆ ಉಂಡೆ ಕೊಬ್ಬರಿ ಮಾಡೋರು ಬಲಿತ ಕಾಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ಬಿಟ್ಟುಬಿಡ್ತಾರೆ. 8ರಿಂದ 12 ತಿಂಗಳು. ಒಳಗಿನ ನೀರು ನಿಧಾನಕ್ಕೆ ಇಂಗಿ, ಗಿಟುಕು ಚಿಪ್ಪಿನಿಂದ ಬಿಟ್ಟುಕೊಳ್ಳುತ್ತೆ. ಕಾಯಿ ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಳಗೆ ಗಡಗಡ ಸದ್ದು. ಆಮೇಲೆ ಸುಲಿಸೋದು, ಒಡೆಯೋದು, ತಿಪಟೂರು ಮಾರುಕಟ್ಟೆಗೆ ಹಾಕೋದು. ದುಡ್ಡು ಬರೋದು ಆಗ. ಅಂಗಡಿ ಸಾಲ ತೀರೋದೂ ಆಗಲೇ. ಅಂದರೆ ಮೂಲೆಮನೆ ಮಾವ ನಮ್ಮ ಡೇಟಾಬೇಸ್‌ನಲ್ಲಿ "ಓವರ್‌ಡ್ಯೂ" ಅಂತ ಕೆಂಪಗೆ ಕಾಣ್ತಿದ್ದಾಗ, ಅಪ್ಪನ ಲೆಕ್ಕದಲ್ಲಿ ಅವರು ಸರಿಯಾದ ಸಮಯಕ್ಕೆ ಕೊಡೋ ಗಿರಾಕಿ. ಕಾಯಿ ಇನ್ನೂ ಅಟ್ಟದ ಮೇಲಿತ್ತು, ಅಷ್ಟೇ.

ಈ ಕಸುಬಿನಲ್ಲಿ ಎಲ್ಲರೂ ಹೇಳೋ ಒಂದು ಕಥೆ ಇದೆ, ನಾನೂ ಜೂನಿಯರ್‌ಗಳಿಗೆ ಹೇಳಿದ್ದೆ. ಮೈಕ್ರೋಸಾಫ್ಟ್‌ನ ರಾನ್ ಕೊಹಾವಿ ಮತ್ತು ತಂಡದವರು 2012ರ ಒಂದು ಪ್ರಬಂಧದಲ್ಲಿ ಬರೆದದ್ದು. ಬಿಂಗ್‌ನಲ್ಲಿ ಒಂದು ಪ್ರಯೋಗ ನಡೀತಿದ್ದಾಗ ಬಗ್ ನುಸುಳಿ, ಆ ಪಾಲಿಗೆ ಬಿದ್ದವರಿಗೆ ತೀರಾ ಕೆಟ್ಟ ಫಲಿತಾಂಶಗಳು ಕಾಣಿಸಿದವು. ಆಗ ಒಬ್ಬೊಬ್ಬರು ಮಾಡುವ ಹುಡುಕಾಟ ಶೇ 10ಕ್ಕಿಂತ ಹೆಚ್ಚು ಏರಿತು, ಆದಾಯ ಶೇ 30ಕ್ಕಿಂತ ಹೆಚ್ಚು. ಬೇಕಾದ್ದು ಸಿಗದೆ ಜನ ಮತ್ತೆ ಮತ್ತೆ ಹುಡುಕಿದರು, ಜಾಹೀರಾತನ್ನಾದರೂ ಒತ್ತಿ ನೋಡೋಣ ಅಂತ ಒತ್ತಿದರು. ಗೆರೆ ನೋಡಿದರೆ ಭರ್ಜರಿ ಗೆಲುವು. ಅದಕ್ಕೇ ಅವರು ಎಷ್ಟು ಹುಡುಕಿದರು ಅನ್ನೋದಕ್ಕಿಂತ, ಒಬ್ಬ ಮನುಷ್ಯ ಎಷ್ಟು ಸಲ ಮರಳಿ ಬರ್ತಾನೆ ಅಂತ ಎಣಿಸಬೇಕು ಅಂದರು. ನಾನು ಈ ಕಥೆ ಹೇಳಿ ಎಲ್ಲರನ್ನೂ ನಗಿಸಿದ್ದೆ. ನಗಿಸಿದ ಮೇಲೆ ಹೋಗಿ 14 ದಿನದ ಟೆಸ್ಟ್ ಹಾಕಿದ್ದೆ.

ಆಫೀಸಿಗೆ ಬಂದು ಕ್ವೆರಿ ಬರೆದೆ. ಮೆಸೇಜ್ ಬಂದು ಬಾಕಿ ಕಟ್ಟಿದ ಗಿರಾಕಿಗಳು ಮುಂದಿನ ಎರಡು ತಿಂಗಳಲ್ಲಿ ಅದೇ ಅಂಗಡಿಯಲ್ಲಿ ಮತ್ತೆ ಲೆಕ್ಕ ಬರೆಸಿದ್ದಾರಾ? ಗೆರೆ ಬಂತು. ಈ ಸಲ ಹಸಿರು ಕೆಳಗಿತ್ತು. ಬಹಳ ಕೆಳಗಲ್ಲ, ಆದರೆ ಕೆಳಗೆ. ಸಣ್ಣ ಊರುಗಳನ್ನು ಮಾತ್ರ ತೆಗೆದು ನೋಡಿದರೆ ಇನ್ನೂ ಕೆಳಗೆ.

ನಮ್ಮ ಪ್ರಾಡಕ್ಟ್ ಮ್ಯಾನೇಜರ್ ಕೆಟ್ಟವಳಲ್ಲ, ಚುರುಕು. ನೋಡಿದ ತಕ್ಷಣ ಕೇಳಿದಳು: "ಸಾಲ ಕಡಿಮೆ ಆಗಿದೆ ಅಂದ್ರೆ ಒಳ್ಳೇದೇ ಅಲ್ವಾ? ಕ್ಯಾಶ್ ಕೊಟ್ಟು ತಗೊಳ್ತಿರಬಹುದು." ಇರಬಹುದು. ಕ್ಯಾಶ್ ಕೊಟ್ಟವರು ನಮ್ಮ ಆ್ಯಪ್‌ನಲ್ಲಿ ಕಾಣೋದಿಲ್ಲ. ಬಸ್‌ಸ್ಟಾಪ್ ಅಂಗಡಿಗೆ ಹೋದವರೂ ಕಾಣೋದಿಲ್ಲ. ಇಬ್ಬರೂ ಟೇಬಲ್‌ನಲ್ಲಿ ಒಂದೇ ಥರ ಖಾಲಿ. ಅವಳು ಇನ್ನೊಂದು ಮಾತೂ ಹೇಳಿದಳು, ಅದೂ ನಿಜ: ಬೆಂಗಳೂರಿನ ಮೆಡಿಕಲ್ ಸ್ಟೋರಿನವರು ಈ ಫೀಚರ್‌ಗೆ ಕೈಮುಗೀತಾರೆ. ಮುಖ ನೋಡಿ ದುಡ್ಡು ಕೇಳೋ ಸಂಕಟ ತಪ್ಪಿತು ಅಂತ. ಬಾಡಿಗೆ ಮನೆ ಖಾಲಿ ಮಾಡಿಕೊಂಡು ಹೋಗಿಬಿಡೋ ಗಿರಾಕಿಗಳ ಊರಿನಲ್ಲಿ 30 ದಿನವೂ ಜಾಸ್ತಿಯೇ.

ವಾದ ಮಾಡೋಕೆ ನನ್ನ ಹತ್ತಿರ ಇದ್ದದ್ದು ಒಬ್ಬ ಮಾವ. ಒಬ್ಬರ ಕಥೆ ಡೇಟಾ ಅಲ್ಲ ಅಂತ ನಾನೇ ಎಷ್ಟು ಸಲ ಬೇರೆಯವರ ಬಾಯಿ ಮುಚ್ಚಿಸಿಲ್ಲ?

ಅದಕ್ಕೆ ಕಸ್ಟಮರ್ ಸಪೋರ್ಟ್ ಕರೆಗಳ ಕಡೆ ಹೋದೆ. ಅದನ್ನೆಲ್ಲ ಈಗ ಮನುಷ್ಯರು ಕೇಳೋದಿಲ್ಲ. ಎಐ ಕೇಳಿ, ಬರಹ ಮಾಡಿ, ವಿಷಯದ ಪ್ರಕಾರ ಗುಂಪು ಮಾಡಿ, ವಾರಕ್ಕೊಂದು ಪುಟದ ಸಾರಾಂಶ ಕೊಡುತ್ತೆ. ಒಳ್ಳೇ ಸೌಲಭ್ಯ. ಇಲ್ಲದಿದ್ದರೆ ಅಷ್ಟು ಕರೆ ಕೇಳೋಕೆ ಆಗ್ತಿತ್ತಾ? ಸಾರಾಂಶದಲ್ಲಿ "ನೋಟಿಫಿಕೇಶನ್ ಸೆಟಿಂಗ್ಸ್ ಬಗ್ಗೆ ವಿಚಾರಣೆ" ಅಂತ ಒಂದು ಸಾಲು ಇತ್ತು. ಯಾರೂ ಅದನ್ನು ಒತ್ತಿ ಒಳಗೆ ನೋಡಿರಲಿಲ್ಲ, ನಾನೂ ಸೇರಿ. ಒಂದು ಶನಿವಾರ ಹೆಡ್‌ಫೋನ್ ಹಾಕಿಕೊಂಡು ಕನ್ನಡದ ಕರೆಗಳನ್ನು ಕೇಳುತ್ತಾ ಕೂತೆ. "ಮೇಡಂ, ನಮ್ ಬೀಗರಿಗೆ ಹೋಗ್ಬಿಟ್ಟೈತೆ." "ಸರ್, ಅವರ ಮನೇಲಿ ಸಾವಾಗೈತೆ, ಇವತ್ತೇ ಹೋಗೈತೆ ಮೆಸೇಜು." "ನಾನ್ ಕಳ್ಸಿಲ್ಲ ಅಂದ್ರೂ ನಂಬ್ತಿಲ್ಲ ಸರ್ ಅವ್ರು." ಪ್ರತಿಯೊಂದರ ಕೊನೆಯಲ್ಲೂ ಮೆಸೇಜ್ ಆಫ್ ಮಾಡೋದು ಹೇಗೆ ಅಂತ ಕೇಳಿದ್ದರು. ಯಂತ್ರ ತಪ್ಪು ಮಾಡಿರಲಿಲ್ಲ. ಅವರು ಕೇಳಿದ ಪ್ರಶ್ನೆ ಸೆಟಿಂಗ್ಸ್ ಬಗ್ಗೆಯೇ.

ಆ ಮೂರು ಕರೆಗಳನ್ನು ಸೋಮವಾರದ ಮೀಟಿಂಗಿನಲ್ಲಿ ಹಾಕಿದೆ, ಗಿರಾಕಿಗಳ ಹೆಸರು ಬಂದ ಕಡೆ ಕತ್ತರಿಸಿ. ಅರ್ಧ ಜನಕ್ಕೆ ಕನ್ನಡ ಬರೋದಿಲ್ಲ. ಆದರೂ ಯಾರೂ ಫೋನ್ ನೋಡಲಿಲ್ಲ.

ಬದಲಾಗಿದ್ದು ಇಷ್ಟು. ಮೆಸೇಜ್ ಹೋಗೋ ಮುಂಚೆ ಅಂಗಡಿಯವರಿಗೆ ಹೆಸರುಗಳ ಪಟ್ಟಿ ಬರುತ್ತೆ, ಅವರು ಒಪ್ಪಿದವರಿಗೆ ಮಾತ್ರ ಹೋಗುತ್ತೆ. ನಂಬರ್ ಕಡ್ಡಾಯ ಅಲ್ಲ. 30 ದಿನದ ಬದಲು ಆ ಗಿರಾಕಿ ಹಿಂದೆ ಎಷ್ಟು ದಿನಕ್ಕೊಮ್ಮೆ ಕೊಡ್ತಿದ್ದ ಅಂತ ನೋಡಿ ಲೆಕ್ಕ ಹಾಕುತ್ತೆ. ಹೊಸ ಗಿರಾಕಿಗಳಿಗೆ ಅದು ಆಗೋದಿಲ್ಲ, ಅಲ್ಲಿ ಇನ್ನೂ ಜಗಳ ನಡೀತಿದೆ. ದೊಡ್ಡ ಊರುಗಳ ಹೊಸ ಅಂಗಡಿಗಳಿಗೆ ಬಟನ್ ಆನ್ ಆಗಿಯೇ ಉಳಿಯಿತು, ಅದರಲ್ಲಿ ನಾನು ಸೋತೆ. ವಸೂಲಿ ಗೆರೆ ಸ್ವಲ್ಪ ಇಳಿಯಿತು. ನನ್ನ ಪ್ರಮೋಷನ್ ಮುಂದಿನ ಸಲಕ್ಕೆ ಹೋಯ್ತು, ಅದಕ್ಕೂ ಇದಕ್ಕೂ ಸಂಬಂಧ ಇದೆ ಅಂತ ಯಾರೂ ಹೇಳಿಲ್ಲ.

ಮೆಸೇಜಿನ ಕನ್ನಡ ತಿದ್ದೋಕೆ ಅಪ್ಪನಿಗೆ ಫೋನ್ ಮಾಡಿದ್ದೆ. "ಬಾಕಿ ಇರೋರಿಗೆ ನೀನು ಏನಂತ ಹೇಳ್ತೀಯ?"

"ನಾನ್ಯಾಕ್ ಹೇಳ್ಲಿ?"

"ಮತ್ತೆ ದುಡ್ಡು ಹೆಂಗೆ ಬರುತ್ತೆ?"

ಸ್ವಲ್ಪ ಹೊತ್ತು ಯೋಚನೆ ಮಾಡಿದ. ಇಷ್ಟು ವರ್ಷ ಅದನ್ನು ಯಾರೂ ಕೇಳಿರಲಿಲ್ಲ ಅನ್ಸುತ್ತೆ. "ಕೊಬ್ಬರಿ ಸುಲಿಸಿದ್ರಾ ಅಂತ ಕೇಳ್ತೀನಿ. ಅವ್ರಿಗೆ ಗೊತ್ತಾಗುತ್ತೆ."

ಅದನ್ನು ಆ್ಯಪ್‌ಗೆ ಹಾಕೋಕೆ ಆಗೋದಿಲ್ಲ. ಬಳ್ಳಾರಿ ಅಂಗಡಿಯವನು ಏನಂತ ಕೇಳ್ತಾನೋ, ಕುಮಟಾದವನು ಏನಂತ ಕೇಳ್ತಾನೋ. ಕೊನೆಗೆ "ಈ ಕಡೆ ಬಂದಾಗ ಲೆಕ್ಕ ನೋಡಿಕೊಂಡು ಹೋಗಿ" ಅಂತ ಬರೆದೆ. ಅಪ್ಪನಿಗೆ ಓದಿ ಹೇಳಿದೆ. "ಚೆನ್ನಾಗೈತೆ" ಅಂದ. ಈಗ ಆ ಮಾತನ್ನು ನಂಬೋಕೆ ಹೋಗಿಲ್ಲ. ಅಪ್ಪ ಹಳೇ ಪುಸ್ತಕಕ್ಕೇ ವಾಪಸ್ ಹೋಗಿದ್ದಾನೆ, ಆ್ಯಪ್ ತೆಗೆದಿಲ್ಲ, ತೆರೆಯೋದೂ ಇಲ್ಲ.

ಸಂಕ್ರಾಂತಿಗೆ ಹೋದಾಗ ಎಳ್ಳು ಕೊಡೋ ನೆಪದಲ್ಲಿ ಮೂಲೆಮನೆಗೆ ಹೋದೆ. ಅತ್ತೆ ಕಾಫಿ ಕೊಟ್ಟರು. ಅಂಗಳದಲ್ಲಿ ಇಬ್ಬರು ಆಳುಗಳು ಅಟ್ಟದಿಂದ ಇಳಿಸಿದ ಕಾಯಿ ಸುಲಿಯುತ್ತಿದ್ದರು. ಮಾವ ಪಕ್ಕದಲ್ಲೇ ಕೂತು ಒಂದೊಂದನ್ನೂ ಕಿವಿ ಹತ್ತಿರ ಅಲ್ಲಾಡಿಸಿ ಬೇರೆ ಮಾಡ್ತಿದ್ದರು. ನಾನು ಹೇಳಬೇಕು ಅಂತ ಬಸ್ಸಿನಲ್ಲಿ ಜೋಡಿಸಿಕೊಂಡು ಬಂದಿದ್ದ ಮಾತು ಬಾಯಿಗೆ ಬರಲಿಲ್ಲ. ಕಾಫಿ ಲೋಟ ಕೆಳಗಿಟ್ಟು ನಾನೂ ಒಂದು ಕಾಯಿ ಎತ್ತಿಕೊಂಡು ಅಲ್ಲಾಡಿಸಿದೆ.

"ಅದಿನ್ನೂ ಆಗಿಲ್ಲ, ಆ ಕಡೆ ಹಾಕು" ಅಂದರು ಮಾವ. ಸ್ವಲ್ಪ ಹೊತ್ತಾದ ಮೇಲೆ ಕೇಳಿದರು, "ಬೆಂಗಳೂರಲ್ಲಿ ಏನ್ ಕೆಲ್ಸನಪ್ಪ ನಿಂದು?"

"ಕಂಪ್ಯೂಟರ್ ಕೆಲ್ಸ ಮಾವ" ಅಂದೆ.